ನನ್ನ ತಮ್ಮ ಕುದುರೆ ಹತ್ತಿರ ಮಾತ್ರ ಮಾತಾಡುತ್ತಾನೆ: ಕಲಬುರಗಿ, ಬೀದರ್ ಕಡೆ ಕುದುರೆ ಜೊತೆಗಿನ ಚಿಕಿತ್ಸೆ ಬಗ್ಗೆ ಯಾರಿಗಾದರೂ ಗೊತ್ತಾ?

ಆಳಂದದ ಅಕ್ಕ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಾನು ಕಲಬುರಗಿಯಲ್ಲಿ ಇದ್ದೇನೆ, ತವರು ಆಳಂದ ತಾಲ್ಲೂಕು. ನನ್ನ ತಮ್ಮನಿಗೆ 21 ವರ್ಷ. ಹೋದ ವರ್ಷ ಅಲ್ಲ, ಅದರ ಹಿಂದಿನ ವರ್ಷ ನವೆಂಬರ್‌ನಲ್ಲಿ ರಾತ್ರಿ ಬೈಕ್ ಮೇಲೆ ಊರಿಗೆ ಬರುತ್ತಿದ್ದ. ಕಬ್ಬು ತುಂಬಿದ ಟ್ರ್ಯಾಕ್ಟರ್ ಒಂದು ಲೈಟಿಲ್ಲದೆ ರಸ್ತೆ ಮೇಲೆ ನಿಂತಿತ್ತು. ಕಾಣಲಿಲ್ಲ, ಹೋಗಿ ಗುದ್ದಿದ. ತಮ್ಮನ ಕೈ ಮುರಿಯಿತು. ಹಿಂದೆ ಕೂತಿದ್ದ ಗೆಳೆಯ ಉಳಿಯಲಿಲ್ಲ. ಇಬ್ಬರೂ ಒಂದನೇ ಕ್ಲಾಸಿನಿಂದ ಜೊತೆಗೆ ಓದಿದವರು.

ಕೈ ಕೂಡಿಕೊಂಡಿತು. ಹುಡುಗ ಮಾತ್ರ ಮೊದಲಿನ ಹುಡುಗ ಆಗಲಿಲ್ಲ. ರಾತ್ರಿ ನಿದ್ದೆ ಇಲ್ಲ. ಲಾರಿ ಹಾರ್ನ್ ಕೇಳಿದರೆ ಕೂತಲ್ಲೇ ಬೆವರುತ್ತಾನೆ. ಡಿಗ್ರಿ ಬಿಟ್ಟ. ಫೋನ್ ಬಂದರೆ ಎತ್ತುವುದಿಲ್ಲ. ಸೈಕಿಯಾಟ್ರಿ ಡಾಕ್ಟರ್ ಹತ್ತಿರ ತೋರಿಸಿದೆವು, ಪಿಟಿಎಸ್‌ಡಿ, ಅಂದರೆ ದೊಡ್ಡ ಆಘಾತ ಆದಮೇಲೆ ಮನಸ್ಸಿಗೆ ಬರುವ ಕಾಯಿಲೆ ಅಂದರು, ಗುಳಿಗೆ ಕೊಟ್ಟರು. ಗುಳಿಗೆಯಿಂದ ನಿದ್ದೆ ಸ್ವಲ್ಪ ಬರುತ್ತಿದೆ. ಕೌನ್ಸೆಲಿಂಗ್‌ಗೆ ಮೂರು ಸಲ ಹೋದ. ಮೂರೂ ಸಲ ಕುರ್ಚಿ ಮೇಲೆ ಕೂತು ನೆಲ ನೋಡಿ ಎದ್ದು ಬಂದ.

ನಮ್ಮ ಕಾಕಾ ಊರಲ್ಲಿ ಎರಡು ಕುದುರೆ ಸಾಕಿದ್ದಾರೆ, ಮದುವೆ ಮೆರವಣಿಗೆಗೆ ಕೊಡುತ್ತಾರೆ. ದೀಪಾವಳಿಗೆ ಹೋದಾಗ ತಮ್ಮ ಸಂಜೆ ಹೊತ್ತು ಅಲ್ಲೇ ಕೂರಲು ಶುರು ಮಾಡಿದ. ಒಂದು ದಿನ ಕಾಕಾ ಕಣಕಿ ಬಣವೆ ಹಿಂದೆ ಇದ್ದರು. ನನ್ನ ತಮ್ಮ ಹೆಣ್ಣು ಕುದುರೆ ಬಿಜಲಿಯ ಕುತ್ತಿಗೆಗೆ ಹಣೆ ಹಚ್ಚಿ ನಿಂತು ಏನೋ ಹೇಳುತ್ತಿದ್ದನಂತೆ. "ಲೈಟ್ ಇರಲಿಲ್ಲ ಬಿಜಲೀ, ಖರೇನೇ ನಂಗ ಕಾಣ್ಲಿಲ್ಲ." ಅಷ್ಟೇ, ಅದನ್ನೇ ಮತ್ತೆ ಮತ್ತೆ. ಒಂದು ವರ್ಷದಲ್ಲಿ ಆ ರಾತ್ರಿ ಬಗ್ಗೆ ಅವನ ಬಾಯಿಂದ ಬಂದ ಮೊದಲ ಮಾತು ಅದು. ಕಾಕಾ ಫೋನಿನಲ್ಲಿ ಇದನ್ನು ಹೇಳುವಾಗ ಅಳುತ್ತಿದ್ದರು.

ಈಗ ಅವ್ವ ಹೇಳುವುದು ಏನಂದರೆ, ಗುಳಿಗೆ ಎಲ್ಲ ಬಿಡಿಸಿ ಅವನನ್ನು ಕುದುರೆ ಹತ್ತಿರವೇ ಇಟ್ಟುಬಿಡೋಣ ಅಂತ. ನನಗೆ ಧೈರ್ಯ ಸಾಲುತ್ತಿಲ್ಲ. ಕುದುರೆ ಜೊತೆಗಿನ ಚಿಕಿತ್ಸೆ ಅಂತ ನಿಜವಾಗಿ ಒಂದು ಇದೆಯಾ? ಇದ್ದರೆ ಹೇಗೆ ಮಾಡುತ್ತಾರೆ? ನಮ್ಮ ಕಡೆ ಯಾರಾದರೂ ಮಾಡುತ್ತಾರಾ?

---

ಬೀದರ್ ಹುಡುಗ

ಅಕ್ಕಾರ, ಇದೆ. ಅಮೆರಿಕದಲ್ಲಿ ಯುದ್ಧದಿಂದ ಬಂದ ಸೈನಿಕರಿಗೆ ಮಾಡುತ್ತಾರೆ ಅಂತ ಓದಿದ್ದೇನೆ. ಗೊತ್ತಿದ್ದವರು ವಿವರ ಹೇಳುತ್ತಾರೆ. ನಿಮ್ಮ ತಮ್ಮನಿಗೆ ಒಳ್ಳೆಯದಾಗಲಿ.

---

ಮನೋ ಗೆಳತಿ

ನಾನು ಕ್ಲಿನಿಕಲ್ ಸೈಕಾಲಜಿ ಓದಿದವಳು. ಊರು ಕಲಬುರಗಿ, ಕೆಲಸ ಬೆಂಗಳೂರಿನಲ್ಲಿ. ಅಕ್ಕಾ, ಎಲ್ಲಕ್ಕಿಂತ ಮೊದಲು ಒಂದು ಮಾತು. ಗುಳಿಗೆ ನಿಲ್ಲಿಸಬೇಡಿ. ಇಂಥ ಗುಳಿಗೆಗಳನ್ನು ಒಮ್ಮೆಲೇ ಬಿಟ್ಟರೆ ತಲೆ ತಿರುಗುವುದು, ಚಡಪಡಿಕೆ, ನಿದ್ದೆಗೆಡುವುದು ಎಲ್ಲ ಶುರುವಾಗಬಹುದು. ಬಿಡುವುದಿದ್ದರೆ ಡಾಕ್ಟರೇ ಸ್ವಲ್ಪ ಸ್ವಲ್ಪ ಕಡಿಮೆ ಮಾಡಿ ಬಿಡಿಸಬೇಕು. ಅವ್ವನಿಗೆ ಹೀಗೆ ಹೇಳಿ: ಬಿಜಲಿ ಬಂದಿದ್ದು ಗುಳಿಗೆ ಜೊತೆ ಸೇರಲಿಕ್ಕೆ, ಗುಳಿಗೆಯನ್ನು ಓಡಿಸಲಿಕ್ಕೆ ಅಲ್ಲ.

ಇನ್ನು ನಿಮ್ಮ ಪ್ರಶ್ನೆ. ಕುದುರೆ ಜೊತೆ ಮಾಡುವ ಕೆಲಸ ಎಲ್ಲ ಒಂದೇ ಅಲ್ಲ. ಹಿಪ್ಪೋಥೆರಪಿ ಅಂತ ಒಂದಿದೆ. ಅದರಲ್ಲಿ ಫಿಸಿಯೋಥೆರಪಿಸ್ಟ್ ಥರದವರು ಕುದುರೆ ನಡಿಗೆಯ ಅಲುಗಾಟವನ್ನೇ ಬಳಸಿಕೊಂಡು ಮಕ್ಕಳ ಸೊಂಟ, ಬೆನ್ನು, ಸಮತೋಲನ ಸುಧಾರಿಸುತ್ತಾರೆ. ಸವಾರಿ ಕಲಿಸುತ್ತಾ ಮಾಡುವುದು ಇನ್ನೊಂದು. ಅದು ಹೆಸರುವಾಸಿ ಆಗಿದ್ದು ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಅವರಿಂದ. ಪೋಲಿಯೋದಿಂದ ಮೊಣಕಾಲಿನ ಕೆಳಗೆ ಶಕ್ತಿ ಹೋಗಿತ್ತು, ಕುದುರೆ ಹತ್ತಲಿಕ್ಕೂ ಇಳಿಯಲಿಕ್ಕೂ ಬೇರೆಯವರು ಬೇಕಿತ್ತು. ಆದರೂ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದರು.

ನಿಮ್ಮ ತಮ್ಮನಿಗೆ ಬೇಕಾಗಿರುವುದು ಮೂರನೇ ಥರದ್ದು, ಮನಸ್ಸಿನ ಚಿಕಿತ್ಸೆ. ಇದರಲ್ಲಿ ಕುದುರೆ ಹತ್ತುವ ಮಾತೇ ಇಲ್ಲ ಅಂದರೂ ಆಗುತ್ತದೆ. 1999ರಲ್ಲಿ ಅಮೆರಿಕದಲ್ಲಿ ಶುರುವಾದ ಈಗಾಲಾ ಅನ್ನುವ ಸಂಸ್ಥೆಯ ಪದ್ಧತಿ ಹೀಗಿದೆ. ಬೇಲಿ ಹಾಕಿದ ಅಂಗಳದಲ್ಲಿ ಕುದುರೆಗಳನ್ನು ಬಿಟ್ಟಿರುತ್ತಾರೆ. ಮನಸ್ಸಿನ ಚಿಕಿತ್ಸೆ ಓದಿದವರು ಒಬ್ಬರು, ಕುದುರೆ ಬಲ್ಲವರು ಒಬ್ಬರು, ಇಬ್ಬರೂ ಜೊತೆಗಿರಲೇಬೇಕು. ಒಬ್ಬರು ಮನುಷ್ಯನನ್ನು ನೋಡುತ್ತಾರೆ, ಇನ್ನೊಬ್ಬರು ಕುದುರೆಯನ್ನು. ಬಂದವರು ನೆಲದ ಮೇಲೆ ನಿಂತೇ ಕುದುರೆ ಜೊತೆ ಏನಾದರೂ ಮಾಡುತ್ತಾರೆ. ಮೈ ಉಜ್ಜುವುದು, ಜೊತೆಗೆ ನಡೆಯುವುದು, ಇಲ್ಲಾ ಸುಮ್ನೆ ನಿಲ್ಲುವುದು. ಆಮೇಲೆ ಅಲ್ಲಿ ಏನಾಯಿತು ಅನ್ನುವುದರ ಬಗ್ಗೆ ಮಾತು.

ಕುದುರೆಯೇ ಯಾಕೆ ಅಂತ ನನ್ನನ್ನು ತುಂಬಾ ಜನ ಕೇಳುತ್ತಾರೆ. ಕುದುರೆ ಬೇಟೆ ಆಡುವ ಪ್ರಾಣಿಯಲ್ಲ, ಬೇಟೆಗೆ ಬಲಿಯಾಗುವ ಪ್ರಾಣಿ. ಲಕ್ಷಾಂತರ ವರ್ಷ ಸುತ್ತಲಿನ ಅಪಾಯ ನೋಡಿಕೊಂಡೇ ಬದುಕಿದೆ. ಕಣ್ಣು ತಲೆಯ ಎರಡೂ ಪಕ್ಕ ಇರುವುದರಿಂದ ಹತ್ತಿರ ಹತ್ತಿರ 350 ಡಿಗ್ರಿ ಕಾಣಿಸುತ್ತದೆ. ಹಣೆಯ ಮುಂದೆ ಸ್ವಲ್ಪ, ಬಾಲದ ಹಿಂದೆ ಸ್ವಲ್ಪ ಬಿಟ್ಟರೆ ಎಲ್ಲ ಕಾಣುತ್ತದೆ. ಹತ್ತಿರ ಬರುವವನ ಹೆಗಲು ಬಿಗಿಯಾಗಿದೆಯಾ, ಹೆಜ್ಜೆ ಹೇಗಿದೆ, ಎಲ್ಲ ಅದಕ್ಕೆ ಲೆಕ್ಕ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2016ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 28 ಕುದುರೆಗಳಿಗೆ ಮನುಷ್ಯರ ಮುಖದ ಫೋಟೋ ತೋರಿಸಿದರು. ಸಿಟ್ಟಿನ ಮುಖ ಕಂಡಾಗ ಕುದುರೆಗಳು ಎಡಗಣ್ಣು ತಿರುಗಿಸಿ ನೋಡಿದವು, ಎದೆಬಡಿತವೂ ಬೇಗ ಏರಿತು. ಇದರಲ್ಲಿ ಪವಾಡ ಏನೂ ಇಲ್ಲ. ಜೀವ ಉಳಿಸಿಕೊಳ್ಳಲಿಕ್ಕೆ ಕಲಿತ ವಿದ್ಯೆ ಅದು.

ಈಗ ನಿಮ್ಮ ತಮ್ಮನನ್ನು ನೋಡಿ. ಅವನ ಮೈಯೂ ಒಂದು ವರ್ಷದಿಂದ ಅದೇ ಎಚ್ಚರದಲ್ಲಿದೆ. ಹಾರ್ನ್ ಕೇಳಿದರೆ ಬೆದರುತ್ತಾನೆ, ಕುದುರೆಯೂ ಬೆದರುತ್ತದೆ. ಆದರೆ ಕುದುರೆ ಬೆದರಿ ಎರಡು ಹೆಜ್ಜೆ ಹಾರಿ, ಕಿವಿ ನಿಗುರಿಸಿ ನೋಡಿ, ಏನೂ ಇಲ್ಲ ಅಂತ ಗೊತ್ತಾದರೆ ಮತ್ತೆ ತಲೆ ತಗ್ಗಿಸಿ ಮೇಯುತ್ತದೆ. ನಿಮ್ಮ ತಮ್ಮನಿಗೆ ಬರದೇ ಇರುವುದು ಆ ಎರಡನೇ ಅರ್ಧ. ಅದನ್ನು ಬಾಯಿಂದ ಹೇಳಿ ಕಲಿಸುವುದು ಕಷ್ಟ. ಪಕ್ಕದಲ್ಲಿ ನಿಂತು ನೋಡಿದರೆ ಮೈಗೆ ಅರ್ಥ ಆಗುತ್ತದೆ.

ಇನ್ನೊಂದು. ಕುದುರೆ "ಯಾಕೆ ಹಾಗೆ ಮಾಡಿದೆ" ಅಂತ ಕೇಳುವುದಿಲ್ಲ. ಊರಲ್ಲಿ ಎಲ್ಲರೂ ಅದನ್ನೇ ಕೇಳಿರುತ್ತಾರೆ, ಅಲ್ವಾ?

---

ಆಳಂದದ ಅಕ್ಕ

ಕೇಳಿದ್ದಾರೆ ಮೇಡಂ. ಗೆಳೆಯನ ಮನೆಯವರು ಒಂದು ಮಾತೂ ಆಡಲಿಲ್ಲ, ದೊಡ್ಡ ಜನ ಅವರು. ಬೇರೆಯವರೇ ಆಡಿದರು. ಗುಳಿಗೆ ನಿಲ್ಲಿಸುವುದಿಲ್ಲ. ಇವತ್ತೇ ಅವ್ವನಿಗೆ ಹೇಳಿದೆ.

---

ವಾರ್ಡಿನ ಸಿಸ್ಟರ್

ಇಪ್ಪತ್ತು ವರ್ಷದಿಂದ ಮಾನಸಿಕ ರೋಗಿಗಳ ವಾರ್ಡಿನಲ್ಲಿ ಕೆಲಸ ಮಾಡಿದ್ದೇನೆ. ಯಾರಿಗೂ ಬೇಸರ ಮಾಡಲಿಕ್ಕೆ ಅಲ್ಲ, ಆದರೆ ಈ ಮಾತು ಇಲ್ಲಿ ಬರಲೇಬೇಕು.

2014ರಲ್ಲಿ ಅಮೆರಿಕದ ಸಂಶೋಧಕರು ಕುದುರೆ ಚಿಕಿತ್ಸೆ ಬಗ್ಗೆ ಅಲ್ಲಿಯವರೆಗೆ ಬಂದಿದ್ದ 14 ಅಧ್ಯಯನಗಳನ್ನು ಪರೀಕ್ಷೆ ಮಾಡಿ, ಮಾನಸಿಕ ಕಾಯಿಲೆಗೆ ಇದು ಕೆಲಸ ಮಾಡುತ್ತದೆ ಅನ್ನಲಿಕ್ಕೆ ಗಟ್ಟಿ ಆಧಾರ ಇಲ್ಲ ಅಂದರು. ಆಮೇಲೆ ಕೊಲಂಬಿಯಾ ವಿಶ್ವವಿದ್ಯಾಲಯದವರು ಪಿಟಿಎಸ್‌ಡಿ ಇದ್ದ 63 ಮಾಜಿ ಸೈನಿಕರ ಜೊತೆ ಮಾಡಿದರು. ವಾರಕ್ಕೊಂದು ಸಲ, ಒಂದೂವರೆ ಗಂಟೆ, ಎಂಟು ವಾರ. 2021ರಲ್ಲಿ ಪ್ರಕಟವಾಯಿತು. ತೊಂದರೆ ಚೆನ್ನಾಗಿ ಕಡಿಮೆಯಾಗಿತ್ತು, ಮೂರು ತಿಂಗಳ ಮೇಲೂ ಹಾಗೇ ಉಳಿದಿತ್ತು. ನನಗೆ ಖುಷಿ ಆಯಿತು. ಆದರೆ ಅದರಲ್ಲಿ ಹೋಲಿಸಿ ನೋಡಲಿಕ್ಕೆ ಕುದುರೆ ಇಲ್ಲದ ಇನ್ನೊಂದು ಗುಂಪು ಇರಲಿಲ್ಲ. ಅಂದರೆ ಸುಧಾರಿಸಿದ್ದು ಕುದುರೆಯಿಂದಲೋ, ಎಂಟು ವಾರ ಯಾರೋ ಕಾಳಜಿಯಿಂದ ಜೊತೆಗಿದ್ದರು ಅನ್ನುವುದರಿಂದಲೋ, ಖಚಿತವಾಗಿ ಹೇಳಲಿಕ್ಕೆ ಬರುವುದಿಲ್ಲ.

ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ನನ್ನ ಅಕ್ಕನ ಮಗಳನ್ನು ಬೇರೆ ಊರಲ್ಲಿ ಒಂದು ಕಡೆ "ಹಾರ್ಸ್ ಥೆರಪಿ" ಬೋರ್ಡ್ ನೋಡಿ ಕರೆದುಕೊಂಡು ಹೋಗಿದ್ದರು. ಮುಂಗಡ ಹತ್ತು ಸಲದ ದುಡ್ಡು ಕಟ್ಟಿಸಿಕೊಂಡರು. ಒಬ್ಬ ಹುಡುಗ ಹಗ್ಗ ಹಿಡಿದು ನಾಲ್ಕು ಸುತ್ತು ಸವಾರಿ ಮಾಡಿಸುತ್ತಿದ್ದ, ಅಷ್ಟೇ. ಮನಸ್ಸಿನ ಚಿಕಿತ್ಸೆ ಓದಿದವರು ಒಬ್ಬರೂ ಅಲ್ಲಿ ಇರಲಿಲ್ಲ. ಆ ಹುಡುಗಿಗೆ ಆಗ ತೀವ್ರ ಖಿನ್ನತೆ. ಆರು ವಾರ ಹಾಗೇ ಕಳೆದುಹೋಯಿತು. ಆ ಆರು ವಾರ ನೆನೆಸಿಕೊಂಡರೆ ಈಗಲೂ ನನ್ನ ಕೈ ನಡುಗುತ್ತದೆ.

ಅದಕ್ಕೇ ಕೇಳಿಕೊಳ್ಳುತ್ತೇನೆ. ಸಾಯುವ ಮಾತು ಬಂದರೆ, ಊಟ ಬಿಟ್ಟರೆ, ಕುದುರೆ ಹತ್ತಿರ ಅಲ್ಲ, ಆಸ್ಪತ್ರೆಗೆ ಬನ್ನಿ. ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, ನಂಬರ್ 14416, ದುಡ್ಡಿಲ್ಲ, ಹಗಲು ರಾತ್ರಿ ಯಾವಾಗಲೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.

---

ಮನೋ ಗೆಳತಿ

ಸಿಸ್ಟರ್ ಹೇಳಿದ ಒಂದೊಂದು ಮಾತೂ ಸರಿ. "ಓದಿದವರು ಯಾರು ಇದ್ದಾರೆ, ಏನು ಓದಿದ್ದಾರೆ" ಅಂತ ಕೇಳಿಯೇ ದುಡ್ಡು ಕಟ್ಟಬೇಕು. ಕೇಳಿದ್ದಕ್ಕೆ ಮುಖ ಸಿಂಡರಿಸಿದರೆ ಅಲ್ಲಿಂದಲೇ ವಾಪಸ್ ಬನ್ನಿ.

---

ಟಾಂಗಾ ಮೊಮ್ಮಗ

ನಮ್ಮದು ಕಲಬುರಗಿ. ನಮ್ಮ ಅಜ್ಜ ಸ್ಟೇಷನ್ನಿನಿಂದ ದರ್ಗಾಕ್ಕೆ, ಶರಣಬಸವೇಶ್ವರ ಗುಡಿಗೆ ಟಾಂಗಾ ಹೊಡೆಯುತ್ತಿದ್ದರು. ಈಗ ನಾವು ಮದುವೆಗೆ ಕುದುರೆ ಕೊಡುತ್ತೇವೆ. ಪುಸ್ತಕದ ಮಾತು ನನಗೆ ಗೊತ್ತಿಲ್ಲ. ಕುದುರೆ ಬಗ್ಗೆ ಹೇಳುತ್ತೇನೆ.

ಅಜ್ಜಿ ತೀರಿಕೊಂಡ ಮೇಲೆ ಅಜ್ಜ ಮನೆಯೊಳಗೆ ಮಲಗಲೇ ಇಲ್ಲ. ಲಾಯದ ಪಕ್ಕ ಹೊರಸು ಹಾಕಿಕೊಂಡರು. ಬೆಳಗ್ಗೆ ಖರಾರ ಹಿಡಿದು ಕುದುರೆ ಮೈ ಉಜ್ಜುತ್ತಾ ಅಜ್ಜಿ ಜೊತೆ ಮಾತಾಡಿದ ಹಾಗೆ ಮಾತಾಡುತ್ತಿದ್ದರು. ನಮ್ಮಪ್ಪ ವೈದ್ಯರನ್ನು ಕರೆಸಬೇಕು ಅಂದಾಗ ಅಜ್ಜ ಅಂದಿದ್ದು ಇಷ್ಟೇ: "ಇದು ನನ್ ಮಾತ್ ಕೇಳ್ತದ, ಮಂದಿಗಿ ಹೇಳಂಗಿಲ್ಲ."

ಆದರೆ ಅಕ್ಕಾರ, ಮದುವೆ ಕುದುರೆ ಅಂದ ಕೂಡಲೇ ನನಗೆ ಬೇರೆ ಚಿಂತೆ. ನಮ್ಮ ಕುದುರೆಗಳ ಪಾಡು ನನಗೆ ಗೊತ್ತು. ಡಿಜೆ ಸದ್ದು, ಪಟಾಕಿ, ಕಣ್ಣಿಗೆ ಲೈಟು. ಮುಳ್ಳಿನ ಲಗಾಮು ಹಾಕುವವರು ಇನ್ನೂ ಇದ್ದಾರೆ, ನಾಲಿಗೆ ಕುಯ್ದು ರಕ್ತ ಬರುತ್ತದೆ. 1965ರ ನಿಯಮದಲ್ಲೇ ಅದು ನಿಷೇಧ. ನಮ್ಮ ಮನೆಯಲ್ಲಿ ಹತ್ತು ವರ್ಷದ ಹಿಂದೆಯೇ ಅದನ್ನು ತಿಪ್ಪೆಗೆ ಎಸೆದೆವು. ಹೊಡೆತ ತಿಂದು ಬೆಳೆದ ಕುದುರೆ ಮನುಷ್ಯನ ಮುಂದೆ ಸುಮ್ನೆ ನಿಲ್ಲುತ್ತದೆ, ಕಲ್ಲಿನ ಹಾಗೆ. ನೋಡಿದವರು "ಎಷ್ಟು ಶಾಂತ" ಅನ್ನುತ್ತಾರೆ. ಅದು ಶಾಂತಿ ಅಲ್ಲ, ಸೋತು ಕೈಬಿಟ್ಟಿದ್ದು. ಬಿಜಲಿ ಹೇಗೆ ನಿಲ್ಲುತ್ತದೆ? ಕಿವಿ ಆಡಿಸುತ್ತದಾ? ಬೇಡ ಅನ್ನಿಸಿದರೆ ದೂರ ಹೋಗುತ್ತದಾ?

---

ಆಳಂದದ ಅಕ್ಕ

ಅಣ್ಣಾ, ಕಾಕಾನಿಗೆ ಕೇಳಿ ಹೇಳುತ್ತಿದ್ದೇನೆ. ಬಿಜಲಿಗೆ 17 ವರ್ಷ. ಚಿಕ್ಕವಳಿದ್ದಾಗ ತುಂಬಾ ಚುರುಕು, ಅದಕ್ಕೇ ಆ ಹೆಸರು. ಬೇಡ ಅಂದರೆ ಕಿವಿ ಹಿಂದಕ್ಕೆ ಮಲಗಿಸಿ ಬಾಲ ಬೀಸುತ್ತಾಳಂತೆ. ಕಾಕಾ ಸ್ವಂತ ಅಳಿಯನನ್ನೇ ಹತ್ತಿರ ಬಿಡುವುದಿಲ್ಲವಂತೆ ಅವಳು! ಲಗಾಮು ಸಾದಾದ್ದೇ. ಇನ್ನೊಂದು ಗಂಡು ಕುದುರೆ ಬಹಳ ಗಾಬರಿ ಸ್ವಭಾವ. ತಮ್ಮ ಅದರ ಹತ್ತಿರ ಹೋಗುವುದಿಲ್ಲ.

---

ಬಹಮನಿ ಬೀದಿ

ವಿಷಯಕ್ಕೆ ಸ್ವಲ್ಪ ಪಕ್ಕಕ್ಕೆ ಹೋಗುತ್ತಿದ್ದೇನೆ, ಆದರೆ ಆಳಂದ ಮತ್ತು ಕುದುರೆ ಅಂದಾಗ ಹೇಳದೆ ಇರಲಿಕ್ಕೆ ಆಗಲಿಲ್ಲ. 1470ರ ಆಸುಪಾಸಿನಲ್ಲಿ ಅಫನಾಸಿ ನಿಕಿತಿನ್ ಅನ್ನುವ ರಷ್ಯಾದ ವ್ಯಾಪಾರಿ ಒಂದೇ ಒಂದು ಗಂಡು ಕುದುರೆ ತೆಗೆದುಕೊಂಡು ಚೌಲ್ ಬಂದರಿನಲ್ಲಿ ಇಳಿದ. ದಾರಿಯಲ್ಲಿ ಜುನ್ನರ್‌ನ ಅಧಿಕಾರಿ ಅದನ್ನು ಕಿತ್ತುಕೊಂಡ. ಕಷ್ಟಪಟ್ಟು ವಾಪಸ್ ಪಡೆದು ನಮ್ಮ ಬೀದರ್‌ವರೆಗೆ ತಂದು ಮಾರಿದ. ಅವನು ಬರೆದಿಟ್ಟ ಟಿಪ್ಪಣಿಯಲ್ಲಿ ಆಳಂದದ ಜಾತ್ರೆಯ ಮಾತು ಬರುತ್ತದೆ. ಹತ್ತು ದಿನದ ಸಂತೆ, 20,000 ಕುದುರೆ ಮಾರಾಟಕ್ಕೆ ಬರುತ್ತವೆ ಅಂತ. ಇನ್ನು ಭೀಮಥಡಿ ಅಂತ ಸಣ್ಣ ಮೈಕಟ್ಟಿನ ಗಟ್ಟಿ ತಳಿ ಇದೆಯಲ್ಲ, ಹೆಸರೇ ಭೀಮಾ ನದಿ ದಂಡೆಯದ್ದು. ಕುರಿಗಾರರು ಇಂಥ ತಟ್ಟುಗಳ ಮೇಲೆ ಗಂಟುಮೂಟೆ, ಮಕ್ಕಳು, ಕೋಳಿ ಎಲ್ಲ ಹೇರಿಕೊಂಡು ಹೋಗುವುದನ್ನು ನಾವೆಲ್ಲ ನೋಡಿದ್ದೇವೆ. ಕುದುರೆ ನಮಗೆ ಹೊರಗಿನ ಪ್ರಾಣಿ ಅಲ್ಲ, ನಮ್ಮ ಮಣ್ಣಿನದ್ದೇ.

---

ದನದ ಡಾಕ್ಟರ್, ಬೀದರ್

ಈ ಚರ್ಚೆಯಲ್ಲಿ ಕುದುರೆ ಪರವಾಗಿ ನಾನು ಮಾತಾಡುತ್ತೇನೆ. ಟಾಂಗಾ ಅಣ್ಣ ಅರ್ಧ ಹೇಳಿದ್ದಾರೆ.

ಜೊತೆಗಾರ ಅಂತ ಕರೆದ ಮೇಲೆ ಅದಕ್ಕೂ ಬೇಡ ಅನ್ನುವ ಹಕ್ಕು ಇರಬೇಕು. ಬಿಜಲಿಯನ್ನು ಗಿಡ್ಡ ಹಗ್ಗದಲ್ಲಿ ಕಟ್ಟಿ ನಿಲ್ಲಿಸಿ "ಇವಳಿಗೆ ತಮ್ಮ ಅಂದರೆ ಇಷ್ಟ" ಅನ್ನುವುದಕ್ಕೆ ಅರ್ಥ ಇಲ್ಲ. ಬಿಟ್ಟಾಗ ಬಂದು ನಿಲ್ಲಬೇಕು. ಹಾಗೆ ಬಿಡಲಿಕ್ಕೆ ಗಟ್ಟಿ ಬೇಲಿ ಇರುವ ಜಾಗ ಬೇಕು, ಮುಳ್ಳುತಂತಿ ಬೇಡವೇ ಬೇಡ. ಮುಳ್ಳುತಂತಿಗೆ ಸಿಕ್ಕ ಕುದುರೆ ಕಾಲು ಹೊಲಿದು ಹೊಲಿದು ನನಗೆ ಸಾಕಾಗಿದೆ.

ವಿಶ್ರಾಂತಿಯಲ್ಲಿ ಇರುವ ದೊಡ್ಡ ಕುದುರೆಯ ಎದೆಬಡಿತ ನಿಮಿಷಕ್ಕೆ 28ರಿಂದ 44. ನಮ್ಮದಕ್ಕಿಂತ ಬಹಳ ನಿಧಾನ. ಎಡಗಡೆ ಮುಂಗಾಲಿನ ಹಿಂದೆ, ಮೊಣಕೈ ಹತ್ತಿರ ಕಿವಿ ಇಟ್ಟರೆ ಕೇಳುತ್ತದೆ. ತಮ್ಮನಿಗೆ ಒಮ್ಮೆ ಕೇಳಿಸಿ. ಬಿಗಿ ಸಡಿಲಾದಾಗ ಕುದುರೆ ಬಾಯಿ ಚಪ್ಪರಿಸುತ್ತದೆ, ಮೂಗಿನಿಂದ ಪುರ್ ಅಂತ ಉಸಿರು ಬಿಡುತ್ತದೆ, ಹಿಂಗಾಲು ಒಂದನ್ನು ಸಡಿಲ ಬಿಟ್ಟು ನಿಲ್ಲುತ್ತದೆ. ಇದನ್ನೆಲ್ಲ ನೋಡಲು ಕಲಿಯಲಿ.

ಇನ್ನು ಆರೋಗ್ಯ. ತಮ್ಮನಿಗೆ ಟಿಟಿ ಇಂಜೆಕ್ಷನ್ ಆಗಿದೆಯಾ ನೋಡಿ. ಲದ್ದಿ ಬಿದ್ದ ಮಣ್ಣಿನಲ್ಲಿ ಧನುರ್ವಾಯು ರೋಗಾಣು ಇರುತ್ತದೆ. ಗ್ಲ್ಯಾಂಡರ್ಸ್ ಅಂತ ಒಂದು ಕಾಯಿಲೆ ಕುದುರೆಯಿಂದ ಮನುಷ್ಯನಿಗೂ ಬರುತ್ತದೆ. ಜೀವಕ್ಕೆ ಅಪಾಯ. ಮೆರವಣಿಗೆ, ಜಾತ್ರೆ ಅಂತ ತಿರುಗುವ ಕುದುರೆಗಳ ರಕ್ತ ಪರೀಕ್ಷೆ ಮಾಡಿಸಲೇಬೇಕು. ಹತ್ತಿರದ ಪಶು ಆಸ್ಪತ್ರೆಯಲ್ಲಿ ಕೇಳಿದರೆ ರಕ್ತ ತೆಗೆದು ಕಳಿಸುತ್ತಾರೆ. ಮೂಗಿನಲ್ಲಿ ದಪ್ಪ ಸಿಂಬಳ, ಕಾಲಿನ ಮೇಲೆ ಗಂಟು ಗಂಟು ಹುಣ್ಣು ಕಂಡರೆ ಯಾರೂ ಹತ್ತಿರ ಹೋಗಬೇಡಿ.

ಮೇವಿನ ಮಾತು ಒಂದು. ಕಾಕಾ ಕಣಕಿ ಹಾಕುತ್ತಾರೆ ಅಂದಿರಿ. ಬೂಷ್ಟು ಹಿಡಿದಿದ್ದರೆ ಹಾಕಲೇಬಾರದು. ಕುದುರೆಗೆ ವಾಂತಿ ಮಾಡಲಿಕ್ಕೆ ಬರುವುದಿಲ್ಲ, ಹೊಟ್ಟೆಶೂಲೆ ಬಂದರೆ ಸಾಯಲೂಬಹುದು. ಕೋಳಿ ಫೀಡ್, ದನದ ಫೀಡ್ ಉಳಿದಿದೆ ಅಂತ ಹಾಕಬೇಡಿ. ಕೆಲವದರಲ್ಲಿ ಮೊನೆನ್ಸಿನ್ ಅನ್ನುವ ಔಷಧಿ ಬೆರೆಸಿರುತ್ತಾರೆ. ದನ, ಕೋಳಿಗೆ ಅದು ನಡೆಯುತ್ತದೆ, ಕುದುರೆಗೆ ವಿಷ.

ಮತ್ತೆ ನಮ್ಮ ಬಿಸಿಲು. ಮಾರ್ಚ್ ಆದಮೇಲೆ ಏನಿದ್ದರೂ ಬೆಳಗ್ಗೆ ಎಂಟರ ಒಳಗೆ ಮುಗಿಸಿ.

---

ಭೀಮಾ ದಂಡೆ

ನಾನು ಯಾದಗಿರಿ. ನನ್ನ ಮಗನಿಗೆ ಆಟಿಸಂ, ಈಗ ಒಂಬತ್ತು ವರ್ಷ. ಸಂಕ್ರಾಂತಿಗೆ ಮೈಲಾಪುರದ ಮಲ್ಲಯ್ಯನ ಜಾತ್ರೆಗೆ ಹೋದಾಗಲೆಲ್ಲ ಅವನು ಜನ ನೋಡಿ ಚೀರುತ್ತಿದ್ದ, ಮಲ್ಲಯ್ಯನ ಕುದುರೆ ಗೊಂಬೆ ಕಂಡರೆ ಮಾತ್ರ ಸುಮ್ಮನಾಗುತ್ತಿದ್ದ. ಅದನ್ನು ನೋಡಿಯೇ ನಮಗೆ ಯೋಚನೆ ಬಂದಿದ್ದು.

ಬೆಂಗಳೂರಿನಲ್ಲಿ ಮಕ್ಕಳಿಗೆ ಕುದುರೆ ಜೊತೆ ಥೆರಪಿ ಮಾಡುವ ಕಡೆ ನಾಲ್ಕು ತಿಂಗಳು ಕರೆದುಕೊಂಡು ಹೋದೆವು. ಅಕ್ಕನ ಮನೆಯಲ್ಲಿ ಉಳಿದುಕೊಂಡು. ಉದ್ಯಾನ್ ಎಕ್ಸ್‌ಪ್ರೆಸ್ ನಮಗೆ ಮನೆಯಂತೆ ಆಗಿತ್ತು. ಒಳ್ಳೆಯದಾಯಿತಾ ಅಂದರೆ, ಆಯಿತು. ಮಾತು ಬಂದುಬಿಟ್ಟಿತು ಅಂತ ಹೇಳುವುದಿಲ್ಲ. ಮೊದಲು ಯಾರ ಕೈಯನ್ನೂ ಹಿಡಿಯುತ್ತಿರಲಿಲ್ಲ. ಕುದುರೆಗೆ ಅಂಗೈ ಚಪ್ಪಟೆ ಮಾಡಿ ಗಜ್ಜರಿ ತಿನ್ನಿಸಲಿಕ್ಕೆ ಕಲಿತ ಮೇಲೆ, ಒಂದು ದಿನ ಹಾಗೇ ಅಂಗೈ ಚಪ್ಪಟೆ ಮಾಡಿ ನನ್ನ ಬಾಯಿ ಹತ್ತಿರ ರೊಟ್ಟಿ ತುಂಡು ಹಿಡಿದ. ನಾನು ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ.

ಆದರೆ ದುಡ್ಡು ಮುಗಿಯಿತು, ವಾಪಸ್ ಬಂದೆವು. ಇಲ್ಲಿ ಮುಂದುವರಿಸಲಿಕ್ಕೆ ಏನೂ ಇಲ್ಲ. ಒಮ್ಮೆ ನಮ್ಮೂರ ಮೆರವಣಿಗೆ ಕುದುರೆ ಹತ್ತಿರ ನಿಲ್ಲಿಸಲಿಕ್ಕೆ ಹೋದೆ, ಅದು ಬಾಯಿ ಹಾಕಿತು. ಅಲ್ಲಿಗೆ ಬಿಟ್ಟೆ. ಅಕ್ಕಾ, ನಿಮ್ಮ ತಮ್ಮನಿಗೆ ಮನೆಯ ಕುದುರೆಯೇ ಇದೆ. ಅದೃಷ್ಟ ಅನ್ನಿ.

---

ಆಳಂದದ ಅಕ್ಕ

ಎಲ್ಲ ಓದಿದೆ. ಕೆಲವನ್ನು ಕಾಕಾನಿಗೆ ಫೋನಿನಲ್ಲಿ ಓದಿ ಹೇಳಿದೆ. ಕೌನ್ಸೆಲಿಂಗ್ ಮಾಡುವ ಮೇಡಂ ಹತ್ತಿರ ಹೋಗಿ, ಬಿಜಲಿ ಹತ್ತಿರ ಅವನು ಮಾತಾಡಿದ ವಿಷಯ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನೇ ಅಲ್ಲಿಗೆ ಬರಲಾ?" ಅಂದರು. ಎರಡು ವಾರಕ್ಕೊಮ್ಮೆ ಭಾನುವಾರ ಬರಲಿಕ್ಕೆ ಒಪ್ಪಿದ್ದಾರೆ! ಅವರಿಗೆ ಕುದುರೆ ಬಗ್ಗೆ ಏನೂ ಗೊತ್ತಿಲ್ಲ, ಕಾಕಾ ಪಕ್ಕದಲ್ಲಿ ಇರುತ್ತಾರೆ. ಮನೋ ಗೆಳತಿ ಮೇಡಂ, ಮೊದಲ ದಿನ ಏನು ಮಾಡಿಸಬೇಕು?

---

ಮನೋ ಗೆಳತಿ

ಏನೂ ಮಾಡಿಸಬೇಡಿ. ನಿಜ ಹೇಳುತ್ತಿದ್ದೇನೆ. ಮೊದಲ ದಿನ ಮೂವರೂ ಬೇಲಿ ಹೊರಗೆ ನಿಂತು ಬಿಜಲಿಯನ್ನು ನೋಡಿ. ಮೇಡಂ ಕೇಳಬೇಕಾದ್ದು ಒಂದೇ ಪ್ರಶ್ನೆ, "ಬಿಜಲಿ ಈಗ ಏನು ಯೋಚನೆ ಮಾಡುತ್ತಿರಬಹುದು?" ತನ್ನ ಬಗ್ಗೆ ಹೇಳಲಾರದವನು ಕುದುರೆ ಬಗ್ಗೆ ಹೇಳುತ್ತಾನೆ. "ಅವಳಿಗೆ ಆ ಮೂಲೆ ಅಂದರೆ ಹೆದರಿಕೆ" ಅಂತ ಅವನು ಅಂದರೆ, "ಅಲ್ಲಿ ಏನಿದೆ ಅನ್ನಿಸುತ್ತದೆ?" ಅಂತ ಮೇಡಂ ಮುಂದುವರಿಸಬಹುದು. "ಅದು ನಿನ್ನದೇ ಹೆದರಿಕೆ ಅಲ್ವಾ" ಅಂತ ಮಾತ್ರ ಯಾರೂ ಬಿಡಿಸಿ ಹೇಳಬೇಡಿ. ಅವನಿಗೇ ಹೊಳೆಯಲಿ. ಹೊಳೆಯಲಿಲ್ಲ ಅಂದರೂ ಪರವಾಗಿಲ್ಲ.

ಒಳಗೆ ಹೋಗುವ ದಿನ ಮುಚ್ಚಿದ ಚಪ್ಪಲಿ ಅಥವಾ ಬೂಟು ಇರಲಿ. ಮುಂದಿನಿಂದ ನೇರ ಹೋಗದೆ ಹೆಗಲಿನ ಪಕ್ಕದಿಂದ, ಮಾತಾಡಿಸುತ್ತಾ ಹೋಗಲಿ. ಹಿಂದೆ ನಿಲ್ಲಬಾರದು. ಹಗ್ಗವನ್ನು ಕೈಗೆ ಸುತ್ತಿಕೊಳ್ಳಲೇಬಾರದು. ನಡುವೆ ಅವನಿಗೆ ಆ ರಾತ್ರಿ ನೆನಪಾಗಿ ಉಸಿರು ಕಟ್ಟಿದಂತಾದರೆ ಕಾಕಾ ಕುದುರೆಯನ್ನು ಆಚೆ ಕರೆದುಕೊಂಡು ಹೋಗಲಿ, ಮೇಡಂ ಅವನ ಜೊತೆ ಇರಲಿ. ಯಾರು ಯಾರನ್ನು ನೋಡಿಕೊಳ್ಳಬೇಕು ಅಂತ ಮೊದಲೇ ಮಾತಾಡಿಕೊಳ್ಳಿ.

ಇದನ್ನು ಪೂರ್ತಿ ಕುದುರೆ ಚಿಕಿತ್ಸೆ ಅಂತ ಕರೆಯಲಿಕ್ಕೆ ಬರುವುದಿಲ್ಲ, ಅದಕ್ಕೆ ಬೇರೆ ತರಬೇತಿ ಇದೆ. ಕುದುರೆ ಪಕ್ಕದಲ್ಲಿ ಮಾಡುವ ಕೌನ್ಸೆಲಿಂಗ್ ಅನ್ನಿ. ಮೇಡಂಗೆ ನನ್ನ ಜೊತೆ ಮಾತಾಡಬೇಕು ಅನ್ನಿಸಿದರೆ ಮೆಸೇಜ್ ಮಾಡಲಿ.

---

ಆಳಂದದ ಅಕ್ಕ

ಆರು ವಾರ ಆಯಿತು. ತುಂಬಾ ಜನ ಕೇಳಿದ್ದೀರಿ, ಅದಕ್ಕೆ ಬರೆಯುತ್ತಿದ್ದೇನೆ.

ಮೊದಲ ಭಾನುವಾರ ಬೇಲಿ ಹೊರಗೆ ನಿಂತಿದ್ದಷ್ಟೇ. ತಮ್ಮ ಎರಡೇ ಮಾತು ಆಡಿದ.

ಎರಡನೇ ಸಲ ಒಳಗೆ ಹೋದ. ನಾನು ದೂರದಲ್ಲಿ ಬೇವಿನ ಗಿಡದ ಕೆಳಗೆ ಕೂತಿದ್ದೆ. ಆವತ್ತು ಬೆಳಗ್ಗೆ ಮನೆಯಲ್ಲಿ ಯಾವುದೋ ಮಾತಿಗೆ ಅವನಿಗೆ ಸಿಟ್ಟು ಬಂದಿತ್ತು. ಮುಷ್ಟಿ ಬಿಗಿ ಹಿಡಿದುಕೊಂಡೇ ಬಿಜಲಿ ಕಡೆ ನಡೆದ. ಅವಳು ಕಿವಿ ಹಿಂದೆ ಮಾಡಿ ಆ ಕಡೆ ಹೋಗಿಬಿಟ್ಟಳು. ಇವನು ಹಿಂದೆ ಹೋದ, ಅವಳು ಇನ್ನೂ ದೂರ. ನನಗೆ ಎದೆ ಧಸಕ್ ಅಂದಿತು. ಇದ್ದ ಒಬ್ಬ ಗೆಳತಿಯೂ ಬಿಟ್ಟು ಹೋದಳು ಅಂತ ಅವನು ಅಂದುಕೊಂಡರೆ ಏನು ಗತಿ? ಎದ್ದು ಓಡಬೇಕು ಅನ್ನಿಸಿತು. ಕಾಕಾ ಕೈ ಸನ್ನೆ ಮಾಡಿ ಕೂರಿಸಿದರು.

ಮೇಡಂ ಬೇಲಿ ಹತ್ತಿರದಿಂದಲೇ ಮೆಲ್ಲಗೆ ಕೇಳಿದರು, "ಅವಳಿಗೆ ಏನು ಕಂಡಿರಬಹುದು?" ತಮ್ಮ ನಿಂತುಬಿಟ್ಟ. ಎಷ್ಟೋ ಹೊತ್ತು. ಆಮೇಲೆ ತನ್ನ ಕೈ ತಾನೇ ನೋಡಿಕೊಂಡ. ಒಂದೊಂದೇ ಬೆರಳು ಬಿಚ್ಚಿದ. ಹೆಗಲು ಇಳಿಯಿತು, ನನಗೆ ಅಷ್ಟು ದೂರದಿಂದಲೂ ಕಾಣಿಸಿತು. ಬಿಜಲಿಗೆ ಬೆನ್ನು ಮಾಡಿ ನೆಲದ ಕಡೆ ನೋಡುತ್ತಾ ನಿಂತ. ಐದು ನಿಮಿಷ ಆಯಿತೋ ಹತ್ತಾಯಿತೋ, ಅವಳೇ ಒಂದೊಂದೇ ಹೆಜ್ಜೆ ಹಾಕುತ್ತಾ ಬಂದು ಅವನ ಬೆನ್ನಿಗೆ ಮೂಗು ಹಚ್ಚಿದಳು. ಅಂಗಿ ಒದ್ದೆಯಾಗಿ ಗುಂಡಗೆ ಗುರುತು ಮೂಡಿತ್ತು.

ದನದ ಡಾಕ್ಟರ್ ಹೇಳಿದ ಹಾಗೆ ಬಿಜಲಿಯ ಎದೆಬಡಿತ ಕೇಳಿದ. ವಾಚ್ ನೋಡಿ ಎಣಿಸಿದ, 36. ತನ್ನದೂ ಎಣಿಸಿಕೊಂಡ, 98. "ಅಕ್ಕಾ, ಇಕಿ ಎಷ್ಟ್ ನಿವಾಂತ ಅದಾಳ ನೋಡು" ಅಂದ. ಅದಾದ ಮೇಲೆ ದಿನಾ ಸಂಜೆ ಎಣಿಸಿ ಹಳೇ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾನೆ. ಎರಡು ಕಾಲಂ, ಅವಳದ್ದು ಮತ್ತು ಅವನದ್ದು.

ಹೋದ ಭಾನುವಾರ ಮೇಡಂ ಜೊತೆ ಬಿಜಲಿ ಮೈ ಉಜ್ಜುತ್ತಾ ಮುಕ್ಕಾಲು ಗಂಟೆ ಮಾತಾಡಿದ. ಏನು ಅಂತ ನಾನು ಕೇಳಿಲ್ಲ, ಮೇಡಂ ಹೇಳಿಲ್ಲ. ಮಾತಾಡುವಾಗ ಬ್ರಷ್ ಒಂದೇ ಜಾಗದಲ್ಲಿ, ಹೆಗಲ ಹತ್ತಿರ, ಓಡಾಡುತ್ತಲೇ ಇತ್ತು. ಆ ಜಾಗದ ಕೂದಲು ಕನ್ನಡಿ ಥರ ಹೊಳೆಯುತ್ತಿತ್ತು.

ಎಲ್ಲ ಸರಿಹೋಗಿಲ್ಲ. ಮೊನ್ನೆ ರಾತ್ರಿ ಮತ್ತೆ ಚೀರಿಕೊಂಡು ಎದ್ದ. ಗುಳಿಗೆ ನಡೆಯುತ್ತಿದೆ. ರಸ್ತೆಗೆ ಇನ್ನೂ ಬರುವುದಿಲ್ಲ.

---

ವಾರ್ಡಿನ ಸಿಸ್ಟರ್

ಎರಡು ಸಲ ಓದಿದೆ. ಆ ನೋಟ್‌ಬುಕ್ಕನ್ನು ಮುಂದಿನ ಸಲ ಸೈಕಿಯಾಟ್ರಿ ಡಾಕ್ಟರಿಗೆ ತೋರಿಸಿ. ಅವರಿಗೆ ಉಪಯೋಗ ಆಗುತ್ತದೆ. ಚೀರಿಕೊಂಡು ಎದ್ದ ತಾರೀಖುಗಳನ್ನೂ ಬರೆದಿಡಿ.

ಮನಸ್ಸು ತುಂಬಿ ಬಂತಮ್ಮ.

---

ಬೀದರ್ ಹುಡುಗ

ಒಂದು ಮಾತು. ಕರ್ನಾಟಕದ ಪಶುವೈದ್ಯ ವಿಶ್ವವಿದ್ಯಾಲಯ ಇರುವುದೇ ನಮ್ಮ ಬೀದರ್‌ನಲ್ಲಿ. ಸರ್ಕಾರಿ ಮೆಡಿಕಲ್ ಕಾಲೇಜು ಬೀದರ್‌ನಲ್ಲೂ ಇದೆ, ಕಲಬುರಗಿಯಲ್ಲೂ ಇದೆ. ಕುದುರೆ ಬಲ್ಲವರು ಒಂದು ಕಡೆ, ಮನಸ್ಸು ಬಲ್ಲವರು ಇನ್ನೊಂದು ಕಡೆ. ಮಧ್ಯೆ ಬೇಕಾಗಿರುವುದು ಒಂದು ಬೇಲಿ ಹಾಕಿದ ಅಂಗಳ ಮತ್ತು ನಾಲ್ಕು ಕುದುರೆ. ಯಾದಗಿರಿ ಅಕ್ಕ ಮಗನನ್ನು ಬೆಂಗಳೂರಿಗೆ ಯಾಕೆ ಕರೆದುಕೊಂಡು ಹೋಗಬೇಕು? ನಾವೆಲ್ಲ ಸೇರಿ ಒಂದು ಮನವಿ ಬರೆಯೋಣವಾ?

---

ದನದ ಡಾಕ್ಟರ್, ಬೀದರ್

ಬರೆಯಿರಿ, ಮೊದಲ ಸಹಿ ನನ್ನದು. ಆದರೆ ಮನವಿಯಲ್ಲಿ ಕುದುರೆಗಳ ಖರ್ಚು ಸ್ಪಷ್ಟ ಇರಲಿ. ಮೇವು, ನಾಲ್ (ಲಾಳ) ಕಟ್ಟಿಸುವುದು, ಲಸಿಕೆ, ನೋಡಿಕೊಳ್ಳುವವರ ಸಂಬಳ, ವಯಸ್ಸಾದ ಮೇಲೆ ಅವುಗಳನ್ನು ಸಾಕುವುದು. ಮೊದಲ ವರ್ಷ ಉದ್ಘಾಟನೆ ಮಾಡಿ ಮೂರನೇ ವರ್ಷ ಪ್ರಾಣಿಗಳನ್ನು ಸಂತೆಗೆ ಹೊಡೆಯುವುದಾದರೆ ಬೇಡ.

---

ಟಾಂಗಾ ಮೊಮ್ಮಗ

ನೋಡಿಕೊಳ್ಳುವ ಕೆಲಸಕ್ಕೆ ನಮ್ಮ ಮನೆತನದ ಹುಡುಗರಿಗೆ ತರಬೇತಿ ಕೊಡಿ. ಟಾಂಗಾ ನಿಂತ ಮೇಲೆ ಎಷ್ಟು ಜನ ಆಟೋ ಹಿಡಿದರು ಗೊತ್ತಾ? ಕುದುರೆ ಕಣ್ಣು ನೋಡಿ ಜ್ವರ ಹೇಳುವ ಕೈಗಳು ಅವು. ಯಾದಗಿರಿ ಅಕ್ಕಾರ, ನಮ್ಮಲ್ಲಿ ಒಂದು ಹೆಣ್ಣು ಕುದುರೆ ಇದೆ, ಮಕ್ಕಳ ಹತ್ತಿರ ಬೆಣ್ಣೆ. ರಕ್ತ ಪರೀಕ್ಷೆಗೆ ಕೊಟ್ಟಿದ್ದೇನೆ. ವರದಿ ಸರಿ ಬಂದರೆ ಮಗನನ್ನು ಕರೆದುಕೊಂಡು ಬನ್ನಿ, ದುಡ್ಡಿನ ಮಾತು ಬೇಡ. ನಿಮ್ಮ ಥೆರಪಿ ಮಾಡುವವರನ್ನೂ ಒಂದು ಮಾತು ಕೇಳಿ.

---

ಭೀಮಾ ದಂಡೆ

ಅಣ್ಣಾ, ಏನು ಹೇಳಬೇಕು ಗೊತ್ತಾಗುತ್ತಿಲ್ಲ. ಕೇಳಿ ತಿಳಿಸುತ್ತೇನೆ. ಗಜ್ಜರಿ ನಾನು ತರುತ್ತೇನೆ.

---

ಆಳಂದದ ಅಕ್ಕ

ಬಿಸಿಲು ಜೋರಾಗಿದೆ, ಈಗ ಬೆಳಗ್ಗೆ ಆರೂವರೆಗೇ ಶುರು ಮಾಡುತ್ತೇವೆ. ಮೇಡಂ ಪಾಪ ಮೊದಲ ಬಸ್ಸಿಗೆ ಬರುತ್ತಾರೆ. ಮದುವೆ ಸೀಸನ್ ಬಂತು, ಆದರೆ ಕಾಕಾ ಈ ಸಲ ಬಿಜಲಿಯನ್ನು ಮೆರವಣಿಗೆಗೆ ಕಳಿಸುವುದಿಲ್ಲ ಅಂದಿದ್ದಾರೆ. ಗಂಡು ಕುದುರೆಯನ್ನೂ ಪಟಾಕಿ ಹಚ್ಚದ ಮನೆಯವರಿಗೆ ಮಾತ್ರವಂತೆ.

ನಿನ್ನೆ ಬಿಜಲಿಯ ಹಿಂಗಾಲಿನ ನಾಲ್ ಸಡಿಲಾಗಿ ಟಕ್ ಟಕ್ ಅನ್ನುತ್ತಿತ್ತು. ಕಾಕಾ ಹೊಲಕ್ಕೆ ಹೋಗಿದ್ದರು. ತಮ್ಮ ಕಾಲು ಎತ್ತಿ ನೋಡಿ, ಒಳಗೆ ಬಂದು, ಗೋಡೆ ಮೇಲೆ ಬರೆದಿದ್ದ, ನಾಲ್ ಕಟ್ಟುವ ನಾಲಬಂದ್ ಕಾಕಾನ ನಂಬರ್ ನೋಡಿ ಫೋನ್ ಹಚ್ಚಿದ. "ಹಲೋ, ನಾ ಮಾತಾಡ್ಲಿಕತ್ತೀನ್ರೀ. ಬಿಜಲಿ ನಾಲ್ ಬಿಚ್ಚಿದಂಗ ಆಗ್ಯದ. ನಾಳಿಗಿ ಬರ್ತೀರೇನು?" ಅವ್ವ ಒಲೆ ಮುಂದೆ ರೊಟ್ಟಿ ಬಡಿಯುವುದು ನಿಲ್ಲಿಸಿ ನನ್ನ ಕಡೆ ನೋಡಿದಳು. ಒಂದೂವರೆ ವರ್ಷ ಆಗಿತ್ತು ಅವನಾಗಿ ಯಾರಿಗಾದರೂ ಫೋನ್ ಹಚ್ಚಿ.

ನಾಲಬಂದ್ ಕಾಕಾ ಇವತ್ತು ಹನ್ನೊಂದಕ್ಕೆ ಬರುತ್ತಾರೆ.